ಮಂಡಿಯ ‘ಗುಜ್ಜು’ ಎಷ್ಟು ಉಳಿದಿದೆ? ಎಂಆರ್‌ಐ ಹೇಳಬಲ್ಲದು, ಆದರೆ ಎಲ್ಲರಿಗೂ ಬೇಕಿಲ್ಲ

ರಾಯದುರ್ಗ/ಮಡಕಶಿರಾ: ಮಂಡಿ ನೋವೆಂದು ಅನಂತಪುರದ ಡಾಕ್ಟರ ಹತ್ತಿರ ಹೋದರೆ ‘ಮೋಕಾಲಿಲೋ ಗುಜ್ಜು ಅರಿಗಿಪೋಯಿಂದಿ’ ಎನ್ನುತ್ತಾರೆ. ಅದೇ ಕಾಲನ್ನು ಬಳ್ಳಾರಿಯಲ್ಲೋ ತುಮಕೂರಿನಲ್ಲೋ ತೋರಿಸಿದರೆ ‘ಮಂಡಿ ಸವೆದಿದೆ’ ಎನ್ನುತ್ತಾರೆ. ಎರಡೂ ಭಾಷೆ ಬಲ್ಲ ನಮ್ಮ ಗಡಿ ಊರುಗಳ ಜನಕ್ಕೆ ಎರಡೂ ಮಾತು ಅರ್ಥವಾಗುತ್ತವೆ. ಆದರೆ ಸವೆದದ್ದು ಏನು, ಎಷ್ಟು ಸವೆದಿದೆ, ಉಳಿದದ್ದನ್ನು ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗಳಿಗೆ ಮಾತ್ರ ಯಾವ ಭಾಷೆಯಲ್ಲೂ ಸರಿಯಾದ ಉತ್ತರ ಸಿಗುವುದಿಲ್ಲ.

ಹೀಗಿರುವಾಗ ಕೈಗೆ ‘ಎಂಆರ್‌ಐ ಮಂಡಿ’ ಎಂದು ಬರೆದ ಒಂದು ಚೀಟಿ ಬರುತ್ತದೆ. ಖರ್ಚು ಸಾವಿರಗಳ ಲೆಕ್ಕದಲ್ಲಿ. ಶೇಂಗಾ ಮಾರಿದ ದುಡ್ಡು ಅಥವಾ ಎರಡು ಕುರಿ ಮಾರಿದ ದುಡ್ಡು ಒಂದು ಸ್ಕ್ಯಾನಿಂಗ್‌ಗೆ ಹೋಗುತ್ತದೆ. ತೆಗೆಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ. ‘ತೆಗೆಸಿದರೆ ಎಲ್ಲಾ ಗೊತ್ತಾಗುತ್ತದಂತೆ’ ಎಂದು ಮಗ, ‘ಗೊತ್ತಾಗಿ ಏನು ಮಾಡೋದು?’ ಎಂದು ತಾಯಿ. ನಿಜ ಹೇಳಬೇಕೆಂದರೆ ಇಬ್ಬರ ಮಾತಿನಲ್ಲೂ ಸತ್ಯವಿದೆ.

ಏಕೆಂದರೆ ಎಂಆರ್‌ಐಯಲ್ಲಿ ಎರಡು ಬಗೆ. ಒಂದು, ನಮ್ಮ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ದಿನವೂ ನಡೆಯುವುದು. ಅದು ಮಂಡಿಯೊಳಗಿನ ಭಾಗಗಳ ಆಕಾರವನ್ನು ತೋರಿಸುತ್ತದೆ. ಇನ್ನೊಂದು, ಆಕಾರ ಕೆಡುವ ಮುನ್ನವೇ ‘ಗುಜ್ಜಿ’ನೊಳಗಿನ ಸಾಮಗ್ರಿ ಎಷ್ಟಿದೆ ಎಂದು ಅಳೆಯುವುದು. ಈ ಎರಡನೆಯದು ಇಂದಿಗೂ ಹೆಚ್ಚಾಗಿ ಸಂಶೋಧಕರ ಕೈಯಲ್ಲಿರುವ ಉಪಕರಣ. ಅದರಿಂದ ತಿಳಿದುಬಂದಿರುವ ಸಂಗತಿಗಳು ಮಾತ್ರ ಸ್ಕ್ಯಾನ್ ತೆಗೆಸದ ನಮಗೂ ಉಪಯೋಗಕ್ಕೆ ಬರುತ್ತವೆ.

ಗುಜ್ಜು ಅಂದರೆ ಏನು?

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ‘ಮೃದ್ವಸ್ಥಿ’ ಎಂದಿರುತ್ತದೆ. ತೆಲುಗು ಮಾಧ್ಯಮದವರು ‘ಮೃದುಲಾಸ್ಥಿ’ ಎಂದು ಓದುತ್ತಾರೆ. ತೊಡೆ ಮೂಳೆಯ ತುದಿ, ಕಣಕಾಲು ಮೂಳೆಯ ಮೇಲ್ಭಾಗ ಮತ್ತು ಮಂಡಿ ಚಿಪ್ಪಿನ ಹಿಂಬದಿಗೆ ಅಂಟಿಕೊಂಡಿರುವ ಬೆಳ್ಳಗಿನ ನುಣುಪಾದ ಪದರ ಅದು. ಎಳನೀರು ಕಾಯಿಯ ಬಲಿತ ಗಂಜಿಯಂತೆ ಮೂಳೆಗೆ ಅಂಟಿಕೊಂಡಿರುತ್ತದೆ. ದಪ್ಪ ಕೆಲವೇ ಮಿಲಿಮೀಟರ್. ಮಂಡಿ ಚಿಪ್ಪಿನ ಹಿಂದೆ ಮಾತ್ರ ಸುಮಾರು ಅರ್ಧ ಸೆಂಟಿಮೀಟರಿನವರೆಗೆ ಇರಬಹುದು.

‘ಗುಜ್ಜು’ ಎಂಬ ಮಾತಿನಿಂದ ಅನೇಕರು ಇದನ್ನು ಗಾಡಿಯ ಅಚ್ಚಿಗೆ ಹಾಕುವ ಗ್ರೀಸ್ ಎಂದುಕೊಳ್ಳುತ್ತಾರೆ. ಖಾಲಿಯಾದರೆ ಮತ್ತೆ ತುಂಬಿಸಬಹುದು ಎಂಬ ಲೆಕ್ಕ. ಅದು ಹಾಗಲ್ಲ. ಗ್ರೀಸ್‌ನಂತೆ ಜಾರುವ ದ್ರವ ಕೀಲಿನಲ್ಲಿ ಬೇರೆಯೇ ಇದೆ. ಮೃದ್ವಸ್ಥಿ ಎಂಬುದು ಮೂಳೆಗೆ ಅಂಟಿಯೇ ಬೆಳೆದ, ಜೀವಂತ ಪದರ.

ಅದು ಹೇಗೆ ಕಟ್ಟಲ್ಪಟ್ಟಿದೆ ಎಂದು ತಿಳಿಯಲು ಕಾಮಕಸ್ತೂರಿ ಬೀಜವನ್ನು ನೆನಪಿಸಿಕೊಳ್ಳಿ. ತೆಲುಗಿನಲ್ಲಿ ಸಬ್ಜಾ ಗಿಂಜಲು. ಬೇಸಿಗೆಯಲ್ಲಿ ನೀರಿಗೆ ಹಾಕಿದರೆ ನೀರನ್ನು ಎಳೆದುಕೊಂಡು ಊದಿಕೊಳ್ಳುತ್ತವಲ್ಲ, ಅವೇ. ಈಗ ಒಣ ಬೀಜಗಳನ್ನು ಒಂದು ಸಣ್ಣ ಬಲೆಯ ಚೀಲದಲ್ಲಿ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ನೀರಿಗೆ ಹಾಕಿ. ಬೀಜಗಳು ಊದಲು ನೋಡುತ್ತವೆ, ಬಲೆ ಬಿಡುವುದಿಲ್ಲ. ಚೀಲ ಬಿಗಿಯಾಗುತ್ತದೆ. ಒತ್ತಿದರೆ ಸ್ವಲ್ಪ ನೀರು ಹೊರಬರುತ್ತದೆ, ಕೈ ತೆಗೆದರೆ ಮತ್ತೆ ಒಳಗೆ ಹೋಗುತ್ತದೆ.

ನಮ್ಮ ಮಂಡಿಯೊಳಗೆ ನಡೆಯುವುದೂ ಇದೇ. ಬಲೆಯ ಎಳೆಗಳ ಹೆಸರು ಕೊಲ್ಲಾಜನ್. ನೀರು ಎಳೆದುಕೊಳ್ಳುವ ಬೀಜಗಳ ಸ್ಥಾನದಲ್ಲಿರುವುದು ಪ್ರೋಟಿಯೋಗ್ಲೈಕಾನ್ ಎಂಬ ವಸ್ತು. ಮೃದ್ವಸ್ಥಿಯ ನೂರು ಗ್ರಾಂ ತೂಕದಲ್ಲಿ 65ರಿಂದ 80 ಗ್ರಾಂ ಬರೀ ನೀರು! ಆದರೂ ಒಂದು ಮೂಟೆ ಹೊತ್ತು ನಡೆದರೆ ಅದು ಚಪ್ಪಟೆಯಾಗುವುದಿಲ್ಲ. ಕಾರಣ, ಬಲೆ ಮತ್ತು ಬೀಜ ಸೇರಿ ಆ ನೀರನ್ನು ಹಿಡಿದಿಟ್ಟುಕೊಂಡಿವೆ.

ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಈ ಪದರಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಸವೆಯಲು ಶುರುವಾದಾಗ ನೋವೇ ಗೊತ್ತಾಗುವುದಿಲ್ಲ. ರಕ್ತನಾಳವಿಲ್ಲದ್ದರಿಂದ ರಿಪೇರಿಯೂ ಬಹಳ ನಿಧಾನ. ನಡೆಯುವಾಗ ಒತ್ತಿ ಬಿಡುವುದರಿಂದ ಒಳಹೋಗಿ ಹೊರಬರುವ ಕೀಲಿನ ದ್ರವವೇ ಅದಕ್ಕೆ ಆಹಾರ. ಎರಡನೆಯದು, ಕಾಯಿಲೆಯ ಶುರುವಿನಲ್ಲಿ ಬೀಜದಂಥ ಪ್ರೋಟಿಯೋಗ್ಲೈಕಾನ್ ಕರಗಿ ಹೋಗತೊಡಗುತ್ತದೆ, ಬಲೆಯ ಹೆಣಿಗೆ ಸಡಿಲವಾಗುತ್ತದೆ. ಆಗಲೂ ಪದರದ ದಪ್ಪ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಹೋದ ಪ್ರೋಟಿಯೋಗ್ಲೈಕಾನನ್ನು ಜೀವಕೋಶಗಳು ನಿಧಾನವಾಗಿಯಾದರೂ ಮತ್ತೆ ತಯಾರಿಸಬಲ್ಲವು. ಆದರೆ ಬೆಳೆದು ದೊಡ್ಡವರಾದ ಮೇಲೆ ಕೊಲ್ಲಾಜನ್ ಬಲೆ ಹರಿದರೆ ಹೊಸದಾಗಿ ನೇಯುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಬಲೆ ಹರಿಯುವ ಮುನ್ನ ಕಾಯಿಲೆ ಕಂಡುಹಿಡಿಯಬೇಕು ಎಂದು ವಿಜ್ಞಾನಿಗಳು ಇಷ್ಟೊಂದು ಕಷ್ಟಪಡುತ್ತಿರುವುದು.

ಎಕ್ಸ್‌ರೇಯಲ್ಲಿ ಕಾಣುವುದು ಖಾಲಿ ಜಾಗ

ಎಕ್ಸ್‌ರೇಯಲ್ಲಿ ಮೂಳೆ ಬಿಳಿಯಾಗಿ ಕಾಣುತ್ತದೆ. ಮೃದ್ವಸ್ಥಿ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವೆ ಕಪ್ಪಾಗಿ ಕಾಣುವ ಸಂದು ಎಷ್ಟಿದೆ ಎಂದು ನೋಡಿ, ಅಲ್ಲಿ ಮೃದ್ವಸ್ಥಿ ಇಷ್ಟಿರಬಹುದು ಎಂದು ಡಾಕ್ಟರು ಅಂದಾಜು ಮಾಡುತ್ತಾರೆ. ಸಂದು ಕಿರಿದಾಗಿದ್ದರೆ, ಮೂಳೆ ಅಂಚಿನಲ್ಲಿ ಮುಳ್ಳಿನಂತೆ ಬೆಳೆದಿದ್ದರೆ ಸವೆತ ಎನ್ನುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು ಇದನ್ನು ಸೊನ್ನೆಯಿಂದ 4ರವರೆಗೆ ದರ್ಜೆ ಮಾಡಿದರು. ಇಂದಿಗೂ ನಿಮ್ಮ ಚೀಟಿಯಲ್ಲಿ ‘ಗ್ರೇಡ್ 2’, ‘ಗ್ರೇಡ್ 3’ ಎಂದು ಬರೆಯುವುದು ಸಾಮಾನ್ಯವಾಗಿ ಆ ಲೆಕ್ಕದಲ್ಲೇ.

ಒಂದು ಮಾತು ನೆನಪಿಡಿ. ಮಂಡಿಯ ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿದಾಗ ಮೈಭಾರ ಬೀಳದೆ ಸಂದು ಅಗಲವಾಗಿ ಕಂಡು, ಸವೆತ ಮರೆಯಾಗಬಹುದು. ಎಕ್ಸ್‌ರೇ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮುಂದುವರಿದ ಸವೆತಕ್ಕೆ ಅದೇ ಸಾಕು. ಅದರ ಕೊರತೆ ಒಂದೇ, ಸಂದು ಕಿರಿದಾಗುವ ಹೊತ್ತಿಗೆ ಸಾಕಷ್ಟು ಮೃದ್ವಸ್ಥಿ ಹೋಗಿಯೇ ಬಿಟ್ಟಿರುತ್ತದೆ.

ಎಂಆರ್‌ಐ ಕೆಲಸ ಮಾಡುವುದು ಹೇಗೆ?

ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಇರುವುದು ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆ. ಸಾಮಾನ್ಯ ಯಂತ್ರದ ಶಕ್ತಿ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ದೊಡ್ಡ ಊರುಗಳಲ್ಲಿ 3 ಟೆಸ್ಲಾ ಯಂತ್ರಗಳೂ ಇವೆ. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಸಣ್ಣ ಸಣ್ಣ ಅಯಸ್ಕಾಂತಗಳಂತೆ. ಅವು ದೊಡ್ಡ ಅಯಸ್ಕಾಂತದ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಆಗ 64 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯಿಂದ ಅವನ್ನು ತಟ್ಟುತ್ತಾರೆ. ನಾವು ಕೇಳುವ ಎಫ್‌ಎಂ ರೇಡಿಯೋ ಶುರುವಾಗುವುದು 88 ಮೆಗಾಹರ್ಟ್ಸ್‌ನಿಂದ, ಅದಕ್ಕಿಂತ ಸ್ವಲ್ಪ ಕೆಳಗಿನದು ಇದು. ತಟ್ಟಿಸಿಕೊಂಡ ಕಣಗಳು ತಾವೂ ಒಂದು ಸಣ್ಣ ಸಂಕೇತ ಕೊಡುತ್ತವೆ. ಆ ಸಂಕೇತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಈ ವಿದ್ಯೆಗೆ ದಾರಿ ಮಾಡಿದ ಅಮೆರಿಕದ ಪಾಲ್ ಲಾಟರ್ಬರ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಮಂಡಿಯ ಮಟ್ಟಿಗೆ ಮುಖ್ಯವಾದದ್ದು, ಆ ಸಂಕೇತ ಎಷ್ಟು ಬೇಗ ಅಡಗುತ್ತದೆ ಎಂಬುದು. ಗುಡಿಯ ಗಂಟೆಯನ್ನು ಹೊಡೆದು ಬಿಟ್ಟರೆ ಬಹಳ ಹೊತ್ತು ನಾದ ಬರುತ್ತದೆ. ಹೊಡೆದ ಕೂಡಲೇ ಕೈಯಲ್ಲಿ ಹಿಡಿದುಕೊಂಡರೆ ತಟ್ಟನೆ ನಿಲ್ಲುತ್ತದೆ. ನೀರಿನ ಕಣವೂ ಹಾಗೆಯೇ. ಬಿಗಿಯಾದ ಬಲೆಯೊಳಗೆ ಸಿಕ್ಕಿಕೊಂಡ ನೀರಿನ ಸಂಕೇತ ಬೇಗ ಅಡಗುತ್ತದೆ. ಬಲೆ ಸಡಿಲವಾಗಿ ನೀರು ಆರಾಮಾಗಿ ಓಡಾಡುವಂತಾದರೆ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ. ಈ ಸಮಯವನ್ನು ಅಳೆದರೆ ಬಲೆಯ ಸ್ಥಿತಿ ಗೊತ್ತಾಗುತ್ತದೆ.

ಸಾಮಗ್ರಿ ಅಳೆಯುವ ನಾಲ್ಕು ದಾರಿ

ಟಿ-2 ಮ್ಯಾಪಿಂಗ್: ಮೇಲೆ ಹೇಳಿದ ಗಂಟೆಯ ಲೆಕ್ಕವೇ ಇದು. ಒಂದೇ ಜಾಗದ ಸಂಕೇತವನ್ನು ಬೇರೆ ಬೇರೆ ಕ್ಷಣದಲ್ಲಿ ಹಲವು ಸಲ ಹಿಡಿದು, ಅಡಗುವ ಸಮಯವನ್ನು ಲೆಕ್ಕ ಹಾಕಿ ಮೃದ್ವಸ್ಥಿಯ ಚಿತ್ರಕ್ಕೆ ಬಣ್ಣ ಹಚ್ಚುತ್ತಾರೆ. ಒಳ್ಳೆಯ ಮೃದ್ವಸ್ಥಿಯಲ್ಲಿ ಅದು ಸುಮಾರು 30ರಿಂದ 45 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಅಷ್ಟು ಭಾಗ. ಕೆಡುತ್ತಾ ಹೋದಂತೆ ಹೆಚ್ಚಾಗುತ್ತದೆ. ಇದು ಬಲೆಯ ಹೆಣಿಗೆ ಮತ್ತು ನೀರಿನ ಸುದ್ದಿ ಹೇಳುತ್ತದೆ. ಇಂಜೆಕ್ಷನ್ ಬೇಕಿಲ್ಲ, ಸಾಮಾನ್ಯ ಯಂತ್ರದಲ್ಲೂ ಆಗುತ್ತದೆ. ನಾಲ್ಕರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ.

ಟಿ-1 ರೋ: ಇದೂ ಅಡಗುವ ಸಮಯವೇ. ಆದರೆ ತಟ್ಟಿ ಬಿಡದೆ, ರೇಡಿಯೋ ಅಲೆಯಿಂದ ಕಣಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಅಳೆಯುತ್ತಾರೆ. ಪ್ರೋಟಿಯೋಗ್ಲೈಕಾನ್ ಕಡಿಮೆಯಾದರೆ ಈ ಸಂಖ್ಯೆ ಏರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರವೀಂದರ್ ರೆಡ್ಡಿ, ನ್ಯೂಯಾರ್ಕಿನ ರವೀಂದರ್ ರೆಗಟ್ಟೆ, ಸ್ಯಾನ್‌ಫ್ರಾನ್ಸಿಸ್ಕೋದ ಶರ್ಮಿಳಾ ಮಜುಂದಾರ್ ಇದರಲ್ಲಿ ಹೆಸರಾದವರು.

ಗ್ಯಾಡೋಲಿನಿಯಂ ವಿಧಾನ: ಪ್ರೋಟಿಯೋಗ್ಲೈಕಾನ್‌ಗೆ ಋಣ ವಿದ್ಯುತ್ ಅಂಶವಿದೆ. ರಕ್ತನಾಳಕ್ಕೆ ಕೊಡುವ ಒಂದು ಬಗೆಯ ಗ್ಯಾಡೋಲಿನಿಯಂ ಔಷಧಿಗೂ ಋಣ ಅಂಶವೇ. ಒಂದೇ ಬಗೆಯವು ಒಂದನ್ನೊಂದು ದೂಡುತ್ತವಲ್ಲ, ಹಾಗಾಗಿ ಪ್ರೋಟಿಯೋಗ್ಲೈಕಾನ್ ತುಂಬಿದ ಕಡೆ ಔಷಧಿ ಹೋಗುವುದಿಲ್ಲ, ಖಾಲಿಯಾದ ಕಡೆ ನುಗ್ಗುತ್ತದೆ. ಔಷಧಿ ಎಲ್ಲಿ ಸೇರಿತು ಎಂದು ನೋಡಿದರೆ ಗುಜ್ಜು ಎಲ್ಲಿ ಬಡವಾಗಿದೆ ಎಂದು ತಿಳಿಯುತ್ತದೆ. 1990ರ ದಶಕದಲ್ಲಿ ಬಾಸ್ಟನ್ನಿನ ಡೆಬೊರಾ ಬರ್ಸ್ಟೀನ್, ಮಾರ್ಥಾ ಗ್ರೇ ಮತ್ತು ಸಂಗಡಿಗರು ಕಂಡುಹಿಡಿದ ದಾರಿ ಇದು. ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ನಡೆಸಿ, ಒಂದೂವರೆ ಗಂಟೆ ಕಾದು ಸ್ಕ್ಯಾನ್ ಮಾಡಬೇಕು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇಂಥ ಔಷಧಿಗಳಿಂದ ಅಪಾಯವಾಗಬಹುದು ಎಂದು 2006ರಲ್ಲಿ ಬೆಳಕಿಗೆ ಬಂತು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಹಳೆಯ ಬಗೆಯ ಕೆಲವನ್ನು ರಕ್ತನಾಳಕ್ಕೆ ಕೊಡುವುದು ಬೇಡವೆಂದಿತು. ಹಾಗಾಗಿ ಈ ದಾರಿ ಈಗ ಹಿಂದೆ ಸರಿದಿದೆ.

ಸೋಡಿಯಂ ಎಂಆರ್‌ಐ: ನಾವು ತಿನ್ನುವ ಉಪ್ಪಿನಲ್ಲಿರುವ ಸೋಡಿಯಮ್ಮೇ. ಅದು ಧನ ಅಂಶದ್ದು, ಪ್ರೋಟಿಯೋಗ್ಲೈಕಾನ್ ಇದ್ದಲ್ಲಿಗೆ ಎಳೆದುಕೊಂಡು ಹೋಗುತ್ತದೆ. ಸೋಡಿಯಂ ಎಷ್ಟಿದೆ ಎಂದು ಅಳೆದರೆ ಪ್ರೋಟಿಯೋಗ್ಲೈಕಾನ್ ಎಷ್ಟಿದೆ ಎಂದು ನೇರವಾಗಿ ಗೊತ್ತಾಗುತ್ತದೆ. ಲೆಕ್ಕ ಸರಳ, ಕೆಲಸ ಕಷ್ಟ. ನೀರಿನ ಹೈಡ್ರೋಜನ್ ಸಂಕೇತಕ್ಕೆ ಹೋಲಿಸಿದರೆ ಸೋಡಿಯಂ ಸಂಕೇತ ಸಾವಿರಾರು ಪಟ್ಟು ಸಣ್ಣದು. 3 ಅಥವಾ 7 ಟೆಸ್ಲಾ ಅಯಸ್ಕಾಂತ, ಅದಕ್ಕೆಂದೇ ಮಾಡಿದ ಉಪಕರಣ ಬೇಕು. ಆದ್ದರಿಂದ ಸಂಶೋಧನಾ ಕೇಂದ್ರ ಬಿಟ್ಟು ಹೊರಗೆ ಬಂದಿಲ್ಲ.

ಇವುಗಳಿಂದ ಏನು ಗೊತ್ತಾಯಿತು?

ಮಂಡಿ ನೋವಿದ್ದವರಿಗೆ ‘ಓಡಾಡಬೇಡ, ಸವೆಯುತ್ತದೆ, ಮಲಗಿರು’ ಎಂದು ಮನೆಯವರು ಹೇಳುವುದು ನಮ್ಮಲ್ಲಿ ಮಾಮೂಲು. ಸ್ವೀಡನ್ನಿನಲ್ಲಿ ರೂಸ್ ಮತ್ತು ಡಾಲ್‌ಬರ್ಗ್ ಎಂಬಿಬ್ಬರು ಗ್ಯಾಡೋಲಿನಿಯಂ ವಿಧಾನದಿಂದ ಇದನ್ನು ಪರೀಕ್ಷಿಸಿದರು. ಮಂಡಿಯ ಮೆನಿಸ್ಕಸ್ ಎಂಬ ಗಾದಿಯ ಆಪರೇಷನ್ ಆಗಿ 3ರಿಂದ 5 ವರ್ಷ ಕಳೆದಿದ್ದ 45 ಜನ, ಸರಾಸರಿ ವಯಸ್ಸು 46. ಇಂಥವರಿಗೆ ಸವೆತ ಬರುವ ಸಂಭವ ಹೆಚ್ಚು. ಅರ್ಧ ಜನರಿಗೆ ನಾಲ್ಕು ತಿಂಗಳು, ವಾರಕ್ಕೆ ಮೂರು ಸಲ, ಹೇಳಿಕೊಡುವವರ ಮುಂದೆ ವ್ಯಾಯಾಮ. ಉಳಿದವರಿಗೆ ಏನೂ ಇಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದೇನೆಂದರೆ, ವ್ಯಾಯಾಮ ಮಾಡಿದವರ ಮೃದ್ವಸ್ಥಿಯಲ್ಲಿ ಪ್ರೋಟಿಯೋಗ್ಲೈಕಾನ್ ಅಂಶ ಹೆಚ್ಚಿರುವ ಸೂಚನೆ ಕಂಡಿತು. ಸಣ್ಣ ಅಧ್ಯಯನ ನಿಜ. ಆದರೆ ಹದವಾದ ಓಡಾಟದಿಂದ ಮಂಡಿ ಸವೆಯುತ್ತದೆ ಎಂಬ ಭಯಕ್ಕೆ ಅದು ಕೊಟ್ಟ ಉತ್ತರ ದೊಡ್ಡದು.

ಎರಡನೆಯದು ಅಮೆರಿಕದ್ದು. 2004ರಿಂದ 2006ರ ನಡುವೆ 45ರಿಂದ 79 ವಯಸ್ಸಿನ 4,796 ಜನರನ್ನು ಸೇರಿಸಿಕೊಂಡು, ವರ್ಷ ವರ್ಷ ಅವರ ಮಂಡಿಯ 3 ಟೆಸ್ಲಾ ಎಂಆರ್‌ಐ ತೆಗೆಯುತ್ತಾ ಹೋದರು. ಟಿ-2 ಅಳತೆಯೂ ಅದರಲ್ಲಿ ಸೇರಿತ್ತು. ಅದರಿಂದ ತೂಕ ಹೆಚ್ಚಿದ್ದ 640 ಜನರ ನಾಲ್ಕು ವರ್ಷದ ಚಿತ್ರಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದರು. ತೂಕ ಇಳಿಸಿಕೊಂಡವರಲ್ಲಿ ಮೃದ್ವಸ್ಥಿ ಕೆಡುವ ವೇಗ ಕಡಿಮೆ, ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಇನ್ನೂ ಕಡಿಮೆ ಎಂದು ಕಂಡುಬಂತು. ಮೈ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲೇ ಲೆಕ್ಕ ಹಾಕಿದ್ದರು. ಅದರ ಜತೆ ಇದು ಸರಿಹೊಂದುತ್ತದೆ.

ಮೂರನೆಯದು ನೇರವಾಗಿ ನಮ್ಮ ಜೇಬಿಗೆ ಸಂಬಂಧಿಸಿದ್ದು. ಈ ಎರಡು ಪರೀಕ್ಷೆಗಳಲ್ಲಿ ಅಳೆದದ್ದು ಸಾಮಗ್ರಿಯನ್ನಲ್ಲ, ಮೃದ್ವಸ್ಥಿಯ ಆಕಾರ ಮತ್ತು ಹಾನಿಯನ್ನು. ಗುಜ್ಜು ಬೆಳೆಸುತ್ತವೆ ಎಂದು ಮಾರುವ ಗ್ಲುಕೋಸಮೈನ್ ಅನ್ನು ಮಂಡಿ ನೋವಿದ್ದ 201 ಜನರಲ್ಲಿ 24 ವಾರ ಪರೀಕ್ಷಿಸಿ, ಎಂಆರ್‌ಐಯಿಂದ ನೋಡಿದಾಗ ಸುಳ್ಳು ಔಷಧಿ ತೆಗೆದುಕೊಂಡವರಿಗೂ ಇವರಿಗೂ ಮೃದ್ವಸ್ಥಿಯಲ್ಲಿ ವ್ಯತ್ಯಾಸ ಕಾಣಲಿಲ್ಲ (2014). ಮಂಡಿಯೊಳಗೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟ ಇನ್ನೊಂದು ಪರೀಕ್ಷೆಯಲ್ಲಿ 140 ಜನರಿದ್ದರು. ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ಸ್ಟಿರಾಯ್ಡ್ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ತೆಳ್ಳಗಾಗಿತ್ತು, ನೋವಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ (2017). ಊತ ಜಾಸ್ತಿಯಾದಾಗ ಡಾಕ್ಟರು ಒಂದು ಇಂಜೆಕ್ಷನ್ ಕೊಡುವುದು ಬೇರೆ, ಅದನ್ನೇ ಅಭ್ಯಾಸ ಮಾಡಿಕೊಳ್ಳುವುದು ಬೇರೆ. ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಬೆಳೆಸುತ್ತದೆ ಎಂದು ಸಾಬೀತಾಗಿರುವ ಮಾತ್ರೆ ಇಂದಿಗೂ ಇಲ್ಲ.

ಹಾಗಾದರೆ ನಮ್ಮೂರಲ್ಲಿ ಏಕೆ ಮಾಡುವುದಿಲ್ಲ?

ದೇಶದ ದೊಡ್ಡ ನಗರಗಳ ಕೆಲವು ಕೇಂದ್ರಗಳಲ್ಲಿ ಟಿ-2 ಮ್ಯಾಪಿಂಗ್ ಮಾಡುತ್ತಾರೆ. ಕ್ರೀಡಾಪಟುಗಳಿಗೆ, ಮೃದ್ವಸ್ಥಿ ರಿಪೇರಿ ಆಪರೇಷನ್ ಆದವರಿಗೆ ಅದು ಉಪಯೋಗ. ಎಲ್ಲರಿಗೂ ಮಾಡದಿರಲು ಕಾರಣಗಳಿವೆ.

ಒಂದು, ಸಕ್ಕರೆ ಕಾಯಿಲೆಗೆ ಇರುವಂತೆ ‘ಇಷ್ಟಿದ್ದರೆ ಸರಿ, ಇಷ್ಟಾದರೆ ಕಾಯಿಲೆ’ ಎಂಬ ಒಪ್ಪಿತ ಸಂಖ್ಯೆ ಇಲ್ಲ. ಯಂತ್ರ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಅಯಸ್ಕಾಂತದ ದಿಕ್ಕಿಗೆ ಕೊಲ್ಲಾಜನ್ ಎಳೆಗಳು ಸುಮಾರು 55 ಡಿಗ್ರಿ ಓರೆಯಾಗಿ ಸಿಕ್ಕರೆ ಚೆನ್ನಾಗಿರುವ ಜಾಗವೂ ಕೆಟ್ಟಂತೆ ತೋರಬಹುದು. ಸ್ಕ್ಯಾನ್‌ಗೆ ಮೊದಲು ಬಹಳ ದೂರ ನಡೆದು ಬಂದಿದ್ದರೂ ಅಳತೆಯಲ್ಲಿ ವ್ಯತ್ಯಾಸ ಬರುತ್ತದೆ. ಎರಡು, ಸಂಖ್ಯೆ ಸಿಕ್ಕಿದರೂ ಡಾಕ್ಟರು ಹೇಳುವ ಚಿಕಿತ್ಸೆ ಬದಲಾಗುವುದಿಲ್ಲ. ಟಿ-2 ಎಷ್ಟೇ ಬರಲಿ, ಸಲಹೆ ಅದೇ: ತೊಡೆ ಬಲಪಡಿಸಿ, ತೂಕ ಇಳಿಸಿ.

ಸಾಮಾನ್ಯ ಎಂಆರ್‌ಐಯಲ್ಲೂ ಒಂದು ತೊಂದರೆಯಿದೆ, ಅದು ಬೇಡದ್ದನ್ನೂ ತೋರಿಸುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನಲ್ಲಿ 50 ವರ್ಷ ದಾಟಿದ, ಎಕ್ಸ್‌ರೇಯಲ್ಲಿ ಸವೆತವೇ ಇಲ್ಲದ 710 ಜನರಿಗೆ ಮಂಡಿ ಎಂಆರ್‌ಐ ಮಾಡಿದರು. ನೂರಕ್ಕೆ 89 ಜನರಲ್ಲಿ ಒಂದಲ್ಲ ಒಂದು ದೋಷ ಕಂಡಿತು (2012). ನೋವಿದ್ದವರಲ್ಲೂ ಕಂಡಿತು, ನೋವಿಲ್ಲದವರಲ್ಲೂ ಕಂಡಿತು. ಅಂದರೆ ಐವತ್ತು ದಾಟಿದ ಯಾರ ಮಂಡಿಯನ್ನು ಸ್ಕ್ಯಾನ್ ಮಾಡಿದರೂ ರಿಪೋರ್ಟಿನಲ್ಲಿ ಏನಾದರೂ ಬರೆದಿರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಆಪರೇಷನ್‌ಗೆ ಓಡಬೇಕಾಗಿಲ್ಲ.

ಎಂಆರ್‌ಐ ನಿಜವಾಗಿ ಯಾರಿಗೆ ಬೇಕು?

ಬಿದ್ದು, ಬೈಕಿನಿಂದ ಜಾರಿ, ಕಬಡ್ಡಿ ಆಡುವಾಗ ಕಾಲು ತಿರುಚಿ ಕೂಡಲೇ ಊದಿಕೊಂಡಿದ್ದರೆ. ಮಂಡಿ ಮಧ್ಯದಲ್ಲಿ ಸಿಕ್ಕಿಕೊಂಡು ಬಿಚ್ಚಲು ಬಾರದಿದ್ದರೆ. ನಡೆಯುವಾಗ ಕಾಲು ಕೈಕೊಟ್ಟು ಬೀಳುವಂತಾಗುತ್ತಿದ್ದರೆ. ಎಕ್ಸ್‌ರೇ ಚೆನ್ನಾಗಿದ್ದೂ ರಾತ್ರಿ ಮಲಗಿದಾಗಲೂ ನೋವು ಬಿಡದೆ ಕಾಡುತ್ತಿದ್ದರೆ ಎಂಆರ್‌ಐ ಬೇಕಾಗಬಹುದು. ಜ್ವರ ಬಂದು ಮಂಡಿ ಕೆಂಪಗೆ ಊದಿ ಬಿಸಿಯಾಗಿದ್ದರೆ ಸ್ಕ್ಯಾನಿಂಗ್‌ಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರವತ್ತರ ಅಜ್ಜಿಗೆ ಕೂತು ಏಳುವಾಗ ನೋವು, ನಿಂತು ತೆಗೆದ ಎಕ್ಸ್‌ರೇಯಲ್ಲಿ ಸಂದು ಕಿರಿದಾಗಿದೆ ಎಂದಾದರೆ ಎಂಆರ್‌ಐ ಸಾಮಾನ್ಯವಾಗಿ ಹೊಸದೇನನ್ನೂ ಹೇಳುವುದಿಲ್ಲ. ಚೀಟಿ ಕೊಟ್ಟಾಗ ‘ಇದು ತೆಗೆಸಿದರೆ ಟ್ರೀಟ್‌ಮೆಂಟ್ ಏನಾದರೂ ಬದಲಾಗುತ್ತದಾ ಸಾರ್?’ ಎಂದು ಮರ್ಯಾದೆಯಿಂದ ಕೇಳಿ. ತೆಲುಗಿನಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ವಿಷಯ ಮರೆಯಬಾರದು. ಅನಂತಪುರ, ಪಾವಗಡ ಕಡೆಯ ಹಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ನಿಯಮ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಮೂಳೆ ಗಡುಸಾಗಿ, ಸ್ನಾಯುಬಂಧಗಳು ಸುಣ್ಣಗಟ್ಟಿ, ಬೆನ್ನು ಕತ್ತು ಮಂಡಿ ಎಲ್ಲಾ ಬಿಗಿಯುತ್ತವೆ. ಅದು ಗುಜ್ಜು ಸವೆತವಲ್ಲ. ಅದಕ್ಕೆ ಎಕ್ಸ್‌ರೇ, ನೀರು ಮತ್ತು ಮೂತ್ರದ ಪರೀಕ್ಷೆ ಬೇಕು. ಮಂಡಿ ಜತೆ ಬೆನ್ನೂ ಕತ್ತೂ ತಿರುಗದಂತಾಗಿದ್ದರೆ, ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ತೆಗೆಸುವುದಾದರೆ ಇಷ್ಟು ನೆನಪಿಡಿ

* ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಮೈಯಲ್ಲಿ ಹಳೆಯ ರಾಡು, ಕಣ್ಣಿಗೆ ಬಿದ್ದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಬೇಕು. ವೆಲ್ಡಿಂಗ್ ಕೆಲಸ ಮಾಡುವವರು ಇದನ್ನು ಮರೆಯಬಾರದು.

* ತಾಳಿ ಸರ, ಕಾಲುಂಗುರ, ಉಡದಾರ, ತಾಯತ, ಮೊಬೈಲ್ ಎಲ್ಲವನ್ನೂ ಹೊರಗೆ ಬಿಟ್ಟು ಹೋಗಬೇಕು.

* ಸುಮಾರು ಅರ್ಧ ಗಂಟೆ ಕದಲದೆ ಮಲಗಬೇಕು. ಯಂತ್ರ ಡಬ ಡಬ ಎಂದು ಜೋರಾಗಿ ಸದ್ದು ಮಾಡುತ್ತದೆ, ಹೆದರಬೇಡಿ. ಮಂಡಿಗೆ ಸ್ಕ್ಯಾನ್ ಆದರೆ ತಲೆ ಸಾಮಾನ್ಯವಾಗಿ ಹೊರಗೇ ಅಥವಾ ಬಾಯಿಯ ಹತ್ತಿರವೇ ಇರುತ್ತದೆ.

* ಮಾಮೂಲಿ ಮಂಡಿ ಎಂಆರ್‌ಐಗೆ ಇಂಜೆಕ್ಷನ್ ಬೇಕಾಗುವುದಿಲ್ಲ. ಕೊಡುತ್ತೇವೆ ಎಂದರೆ ಏಕೆ ಎಂದು ಕೇಳಿ, ಮೂತ್ರಪಿಂಡದ ತೊಂದರೆ ಇದ್ದರೆ ತಿಳಿಸಿ.

* ರಿಪೋರ್ಟಿನ ಜತೆ ಫಿಲ್ಮ್ ಅಥವಾ ಸಿಡಿ ಪಡೆದು ಜೋಪಾನವಾಗಿಡಿ. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಒಬ್ಬರು ಹಿಂದೂಪುರ, ಪುಟ್ಟಪರ್ತಿಗೆ ಹೋದರೆ ಇನ್ನೊಬ್ಬರು ಬಳ್ಳಾರಿ, ಬೆಂಗಳೂರಿಗೆ ಹೋಗುತ್ತಾರೆ. ರಾಜ್ಯ ಬದಲಾದರೂ ಚಿತ್ರ ಅದೇ. ಪ್ರತಿ ಊರಿನಲ್ಲೂ ಹೊಸದಾಗಿ ತೆಗೆಸಬೇಕಾಗಿಲ್ಲ. ಸರ್ಕಾರಿ ಆರೋಗ್ಯ ಕಾರ್ಡು ಪಕ್ಕದ ರಾಜ್ಯದಲ್ಲಿ ನಡೆಯುತ್ತದೆಯೇ ಎಂದು ಹೋಗುವ ಮುನ್ನ ವಿಚಾರಿಸಿ.

* ರಿಪೋರ್ಟಿನ ಪದಗಳಿಗೆ ಹೆದರಬೇಡಿ. ‘ಕಾಂಡ್ರೋಮಲೇಶಿಯಾ’ ಎಂದರೆ ಮೃದ್ವಸ್ಥಿ ಮೆತ್ತಗಾಗಿದೆ. ‘ಎಫ್ಯೂಷನ್’ ಎಂದರೆ ನೀರು ತುಂಬಿದೆ. ‘ಆಸ್ಟಿಯೋಫೈಟ್’ ಎಂದರೆ ಮೂಳೆಯ ಮುಳ್ಳು. ‘ಮೆನಿಸ್ಕಲ್ ಟೇರ್’ ಎಂದರೆ ಗಾದಿ ಹರಿದಿದೆ, ವಯಸ್ಸಾದವರಲ್ಲಿ ಅದು ಕೂದಲು ನರೆತಷ್ಟೇ ಮಾಮೂಲು.

ಸ್ಕ್ಯಾನ್ ಇಲ್ಲದೆ ಮಾಡಬಹುದಾದ್ದು

ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂರುವುದಕ್ಕೂ ಮಂಡಿ ಸವೆತಕ್ಕೂ ಸಂಬಂಧವಿದೆ ಎಂದು ಚೀನಾದ ಬೀಜಿಂಗ್‌ನಲ್ಲಿ ನಡೆದ ಅಧ್ಯಯನ 2004ರಲ್ಲಿ ತೋರಿಸಿತು. ಶೇಂಗಾ ಅನ್ನಿ, ಕಡ್ಲೆಕಾಯಿ ಅನ್ನಿ, ಅದರ ಕಳೆ ತೆಗೆಯುವುದು, ಬಿಡಿಸುವುದು ಎಲ್ಲಾ ಕುಕ್ಕರಗಾಲಲ್ಲೇ. ಹೊಲದ ಕೆಲಸ ಬಿಡಲಾಗದು, ಆದರೆ ಮನೆಯಲ್ಲಿ ಕಾಯಿ ಬಿಡಿಸುವಾಗ, ಪಾತ್ರೆ ತೊಳೆಯುವಾಗ, ಅಡಿಕೆ ಸುಲಿಯುವಾಗ ಎತ್ತರದ ಸ್ಟೂಲ್ ಹಾಕಿಕೊಳ್ಳಬಹುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬಹುದು. ರಾಯದುರ್ಗದಲ್ಲಿ ಹೊಲಿಗೆ ಮಿಷನ್ ಮುಂದೆ ದಿನವಿಡೀ ಕೂರುವವರಿಗೂ ಈ ಮಾತು ಅನ್ವಯಿಸುತ್ತದೆ.

ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಗೆ ಅದೇ ಆಸರೆ. ಕುರ್ಚಿ ಮೇಲೆ ಕೂತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ನೋವು ತೀರಾ ಹೆಚ್ಚಾದರೆ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಎರಡು ಮೂರು ತಿಂಗಳು ತಪ್ಪದೆ ಮಾಡಿದರೆ ಫಲ ಕಾಣುತ್ತದೆ. ಇಷ್ಟೆಲ್ಲಾ ಮಾಡಿಯೂ ನಿದ್ದೆ ಬಾರದಷ್ಟು ನೋವಿದ್ದು, ಮನೆಯೊಳಗೆ ನಡೆಯುವುದೂ ಕಷ್ಟವಾದರೆ ಮಂಡಿ ಬದಲಿಸುವ ಆಪರೇಷನ್ ಬಗ್ಗೆ ತಜ್ಞರ ಜತೆ ಮಾತನಾಡಬೇಕು. ಅದನ್ನು ನಿರ್ಧರಿಸಲು ನಿಮ್ಮ ಕಷ್ಟ ಮತ್ತು ಎಕ್ಸ್‌ರೇ ಬಹುಪಾಲು ಸಾಕಾಗುತ್ತದೆ.

ಮುಂದೊಂದು ದಿನ ಮೃದ್ವಸ್ಥಿ ಉಳಿಸುವ ಔಷಧಿ ಬಂದರೆ, ಯಾರಿಗೆ ಯಾವಾಗ ಕೊಡಬೇಕು ಎಂದು ಹೇಳಲು ಟಿ-2, ಸೋಡಿಯಂ ಸ್ಕ್ಯಾನ್‌ಗಳು ಬೇಕಾಗಬಹುದು. ಅಲ್ಲಿಯವರೆಗೆ ಅವು ಹೇಳಿದ ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತಿದೆ: ಕಾಲು ಆಡಿಸುತ್ತಿರಿ, ತೂಕ ಹದ್ದುಬಸ್ತಿನಲ್ಲಿಡಿ, ಗುಜ್ಜು ಬೆಳೆಸುತ್ತೇವೆ ಎನ್ನುವವರಿಗೆ ದುಡ್ಡು ಕೊಡುವ ಮುನ್ನ ಎರಡು ಸಲ ಯೋಚಿಸಿ.